ಕಾಟಾದ ಮುಳ್ಳು

ಸೀಸನ್ ಮುಗಿದ ಮೇಲೆ ಆದೋನಿಯಲ್ಲಿ
ಜಿನ್ನಿಂಗ್ ಮಿಲ್ಲಿನ ಮೂರನೇ ಶೆಡ್ಡು ಖಾಲಿ.
ಬೆಳಗಿನ ಆರಕ್ಕೆ ಹುಸೇನಪ್ಪ ಬೀಗ ತೆಗೆದುಕೊಟ್ಟು
ಹೊರಗೆ ಬೇವಿನ ಕಡ್ಡಿ ಕಚ್ಚುತ್ತ ಕೂರುತ್ತಾನೆ.
‘ಏಂ ಪನಿ ಟೀಚರಮ್ಮಾ ಇದಿ?’ ಎಂದಿದ್ದ ಮೊದಲ ದಿನ.
ರಿಹರ್ಸಲ್ಲು ಅಂದೆ.
‘ಏ ನಾಟಕಂ?’
ಗೊತ್ತಿಲ್ಲ ಅಂದೆ.
ಮತ್ತೆ ಕೇಳಲಿಲ್ಲ. ಗೊತ್ತಿಲ್ಲದ ಕೆಲಸಕ್ಕೂ
ಹೊತ್ತಿಗೆ ಸರಿಯಾಗಿ ಬರುವವರ ಮೇಲೆ ಅವನಿಗೊಂದು ನಂಬಿಕೆ.

ಫೋನಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ಬೋರಲು ಹಾಕುತ್ತೇನೆ.
ಕನ್ನಡಿ ಇಲ್ಲ, ಹಾಡಿಲ್ಲ, ನೋಡುವವರಿಲ್ಲ.
ಮೊದಲು ಬರುವುದೆಲ್ಲ ಹಳೆಯ ಸಾಲ:
ತಂಡವಿದ್ದಾಗ ಹೊತ್ತ ಕೊಡ, ಅತ್ತ ಅಳು,
ಮೂರು ಊರಲ್ಲಿ ಚಪ್ಪಾಳೆ ಗಿಟ್ಟಿಸಿದ ಆ ಒಂದು ತಿರುಗು.
ಎಡಗೈ ತಾನಾಗಿ ಸೊಂಟಕ್ಕೆ ಹೋಗಿ ಕೂತುಬಿಡುತ್ತದೆ
ತವರಿಗೆ ಬಂದವಳಂತೆ.
ಎಬ್ಬಿಸುವುದು ಕಷ್ಟ.
ಮನಸ್ಸಿಗೆ ಬಂದಂತೆ ಆಡುವುದೆಂದರೆ
ಮನಸ್ಸಿಗೆ ಬರುವುದೆಲ್ಲ ಬಂದು, ಆಡಿ, ದಣಿದು
ಎದ್ದು ಹೋಗುವ ತನಕ ಕಾಯುವುದು:
ಇಷ್ಟು ತಿಳಿಯಲು ಒಂದು ತಿಂಗಳು ಬೇಕಾಯಿತು.

ಜುಲೈ ಹನ್ನೊಂದು, ನೋಟ್‌ಬುಕ್ಕಿನಲ್ಲಿ ಹೀಗಿದೆ:
‘ಏನೂ ಬರಲಿಲ್ಲ. ನಿಂತೆ. ಮಂಡಿ ನೋವು.’
ಹನ್ನೆರಡು: ‘ಅದೇ.’
ಹದಿಮೂರು ಬರೆದಿಲ್ಲ.

ಅವತ್ತು ತಗಡಿನ ತೂತಿನಿಂದ ಒಂದು ಬಿಸಿಲಕೋಲು ಇಳಿದಿತ್ತು.
ಕೈ ಎತ್ತಿದೆ, ಅಷ್ಟೆ.
ತೊಲೆಯ ಮೇಲಿನಿಂದ ಉದುರಿದ ಹೋದ ವರ್ಷದ ಅರಳೆ
ಎಳೆ ಎಳೆಯಾಗಿ, ತಡವಾಗಿ, ಬಹಳ ತಡವಾಗಿ
ಕೈ ಹೋದ ದಾರಿಯನ್ನು ಹುಡುಕಿಕೊಂಡು ಹೋಯಿತು.
ಕೈ ಇಳಿದ ಮೇಲೂ ಅದು ಅಲ್ಲೇ ಏರುತ್ತಿತ್ತು.
ಇಷ್ಟು ದಿನ ನಾನು
ಖಾಲಿಯಲ್ಲಿ ಆಡುತ್ತಿದ್ದೇನೆ ಅಂದುಕೊಂಡಿದ್ದೆ.

ಬಾಯಿಗೂ ಒಂದು ಪಾಳಿ ಕೊಡಬೇಕು.
ಹುಸೇನಪ್ಪನ ಪತ್ತಿ, ನನ್ನ ಹತ್ತಿ.
ಅವನ ಪಾಲು, ನನ್ನ ಹಾಲು.
ತುಟಿ ಮುಚ್ಚಿ ಬಿಟ್ಟರೆ ಅವನದು
ಮುಚ್ಚದೆ ಬಿಟ್ಟರೆ ನನ್ನದು.
ನಡುವೆ ಒಂದು ಜಾಗವಿದೆ:
ತುಟಿ ಇನ್ನೂ ಅಂಟಿಲ್ಲ, ಉಸಿರು ಇನ್ನೂ ಹೊರಟಿಲ್ಲ.
ಅಲ್ಲಿ ನಿಂತೆ ನಾಲ್ಕು ನಿಮಿಷ.
ಪುಲಿಯೂ ಅಲ್ಲದ, ಹುಲಿಯೂ ಅಲ್ಲದ ಒಂದು ಪ್ರಾಣಿ
ಬೆನ್ನುಹುರಿಯೊಳಗೆ ಮಗ್ಗುಲು ಬದಲಿಸಿತು.
ಪಟ್ಟೆ ಇರಲಿಲ್ಲ ಅದಕ್ಕೆ. ಹಸಿವಿತ್ತೋ ಏನೋ.
ನಾಲ್ಕು ಕಾಲಲ್ಲಿ ಪ್ರೆಸ್ಸಿನ ತನಕ ಹೋಗಿ
ತಣ್ಣನೆ ಕಬ್ಬಿಣ ಮೂಸಿ ತಿರುಗಿ ಬಂದೆ.
ಯಾರಾದರೂ ನೋಡಿದ್ದರೆ ಸತ್ತೇ ಹೋಗುತ್ತಿದ್ದೆ.
ಯಾರೂ ನೋಡಲಿಲ್ಲವಲ್ಲ ಎಂದು
ಆಮೇಲೆ ಸ್ವಲ್ಪ ಬೇಜಾರಾಯಿತು.

ಮೂಲೆಯಲ್ಲಿ ಹತ್ತಿ ತೂಗುವ ಕಾಟಾ, ಗಡಿಯಾರದ ಮುಖದ್ದು.
ಹತ್ತಿ ನಿಂತೆ.
ಐವತ್ತೆಂಟೂವರೆ.
ಅಲುಗಬಾರದು ಎಂದು ಪಣ.
ನಾನು ಅಲುಗಲಿಲ್ಲ. ಮುಳ್ಳು ನಿಲ್ಲಲಿಲ್ಲ.
ಉಸಿರಿಗೊಮ್ಮೆ, ನುಂಗಿದ ಎಂಜಲಿಗೊಮ್ಮೆ,
ಎಡಕ್ಕೆ ವಾಲಲೇ ಎಂದುಕೊಂಡು
ವಾಲದೆ ಉಳಿದದ್ದಕ್ಕೂ ಒಮ್ಮೆ
ಕೂದಲೆಳೆಯಷ್ಟು ಹೋಗಿ ಬರುತ್ತಿತ್ತು.
ನಾನು ಶುರು ಮಾಡುವ ಮೊದಲೇ ಆಟ ಶುರುವಾಗಿದೆ.
ನಾನು ತಡವಾಗಿ ಬಂದ ನಟಿ,
ಬಣ್ಣ ಹಚ್ಚಿಕೊಳ್ಳಲೂ ಹೊತ್ತಿಲ್ಲ.

ಸೆಪ್ಟೆಂಬರ್ ಕೊನೆ. ನಾಳೆಯಿಂದ ಲಾರಿ ಬರುತ್ತವೆ.
ಬೀಗ ಹಾಕುವ ಮುಂಚೆ ಹುಸೇನಪ್ಪ ಚಪ್ಪಲಿ ಕಳಚಿ
ತಾನೂ ಕಾಟಾ ಮೇಲೆ ನಿಂತ,
ಮೂವತ್ತು ವರ್ಷ ಇದರಲ್ಲಿ
ಬೇರೆಯವರ ಮಾಲನ್ನೇ ತೂಗಿದವನು.
ಕಣ್ಣು ಮುಳ್ಳಿನ ಮೇಲೆ. ಬಾಯಲ್ಲಿ ಬೇವಿನ ಕಡ್ಡಿ.
‘ಇದಿ ನಿಲಬಡದೇ’ ಅಂದ,
ಕೆಟ್ಟಿದೆಯಾ ಎಂಬಂತೆ ನನ್ನ ಮುಖ ನೋಡಿ.
ಕೆಟ್ಟಿಲ್ಲ, ಇನ್ನಷ್ಟು ಹೊತ್ತು ನಿಲ್ಲು ಅಂದೆ.
ನಿಂತ.
ಕಡ್ಡಿ ಬಾಯಿಂದ ತೆಗೆದು ಜೇಬಿಗಿಟ್ಟುಕೊಂಡು
ಮತ್ತೆ ನಿಂತ.
ನಾನು ಗೋಡೆಗೆ ಒರಗಿ ನೋಡುತ್ತಿದ್ದೆ.
ಫೋನು ಬೋರಲಾಗಿ ಬಿದ್ದಿತ್ತು.
ಟೈಮರ್ ಒತ್ತುವುದು ಮರೆತಿತ್ತು.